ಬಾಗಿಲ ಬಳಿಯ ಲಾಜರನು

ವಿದ್ಯಾರ್ಜನೆಗಾಗಿಯೋ ಉದ್ಯೋಗನಿಮಿತ್ತವಾಗಿಯೋ ಪರದೇಶಗಳಿಗೆ ತೆರಳಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಕಾಗದಗಳಲ್ಲಿ ಒಂದು ಸಂಗತಿಯು ಮೇಲಿಂದ ಮೇಲೆ ಬರುತ್ತಿರುವುದುಂಟು. ಲಂಡನ್ ನಗರದ ರೈಲು ನಿಲ್ದಾಣದ ಮೆಟ್ಟಿಲುಗಳ ಬಳಿಯಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಬೀದಿಯ ಬದಿಯಲ್ಲಿ, ಕಂಬಳಿ ಹೊದ್ದು ಕೈಚಾಚಿ ಕುಳಿತವರನ್ನು ಕಂಡು ಬೆರಗಾದೆವೆಂದೂ, ಕಾಸು ಕೊಡಬೇಕೋ ಬಾರದೋ ತಿಳಿಯದೆ ಹಾದುಹೋದೆವೆಂದೂ, ಆ ರಾತ್ರಿ ನಿದ್ರೆ ಹತ್ತಲಿಲ್ಲವೆಂದೂ ಅವರು ಬರೆಯುತ್ತಾರೆ. ಅವರ ಕನಿಕರವನ್ನು ನಾವು ಮೆಚ್ಚುತ್ತೇವೆ. ಆದರೆ ಅವರ ಬೆರಗನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯವೆಂದು ನಮಗೆ ತೋರುತ್ತದೆ.

ಈ ಸಮಾಚಾರವನ್ನು ಕೇಳಿದ ತಂದೆತಾಯಂದಿರಲ್ಲಿ ಕೆಲವರು, "ಅಲ್ಲಿಯೂ ಉಂಟಲ್ಲ!" ಎಂದು ಒಂದು ಬಗೆಯ ಸಮಾಧಾನವನ್ನು ಹೊಂದುತ್ತಾರೆ. ಇದು ನಮಗೆ ತಕ್ಕುದಲ್ಲ. ದಾರಿದ್ರ್ಯವು ಯಾವ ಒಂದು ದೇಶದ ಸೊತ್ತೂ ಅಲ್ಲ. ನೆಪೋಲಿಯನನ ಯುದ್ಧಗಳು 1815ರಲ್ಲಿ ಮುಗಿದ ಮೇಲೆ, ಸೈನ್ಯದಿಂದ ಬಿಡುಗಡೆಯಾದ ಎಷ್ಟೋ ಸಿಪಾಯಿಗಳು ಇಂಗ್ಲೆಂಡಿನ ಬೀದಿಗಳಲ್ಲಿ ಬೇಡುವವರಾದರು. 1824ರ ಅಲೆಮಾರಿಗಳ ಕಾನೂನು ಬೇಡುವುದನ್ನೂ ಬಯಲಿನಲ್ಲಿ ಮಲಗುವುದನ್ನೂ ಅಪರಾಧವೆಂದಿತು. ಅದನ್ನು ರದ್ದುಪಡಿಸತಕ್ಕದ್ದೆಂದು ಪಾರ್ಲಿಮೆಂಟು ಒಪ್ಪಿದ್ದು 2022ರಲ್ಲಿ. ಅಂದರೆ, ಹೊಟ್ಟೆಗಿಲ್ಲದವನನ್ನು ದಂಡಿಸಬಾರದೆಂಬ ತಿಳಿವಳಿಕೆಯು ಮೂಡುವುದಕ್ಕೆ ಸುಮಾರು ಇನ್ನೂರು ವರ್ಷಗಳು ಹಿಡಿದವು.

ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ನಗರದಲ್ಲಿ ನಡೆದುದನ್ನೂ ನಮ್ಮ ಹೆಣ್ಣುಮಕ್ಕಳು ಅರಿತಿರಬೇಕು. ರೋಮಾ ಜನಾಂಗದ ಒಬ್ಬ ಬಡ ಯುವತಿಯು ಅಲ್ಲಿ ಭಿಕ್ಷೆ ಬೇಡಿದಳೆಂದು ಅವಳಿಗೆ 500 ಫ್ರಾಂಕುಗಳ ಜುಲ್ಮಾನೆಯನ್ನು ವಿಧಿಸಲಾಯಿತು. ತೆರಲಾರದೆ ಅವಳು ಐದು ದಿನ ಸೆರೆಮನೆಯಲ್ಲಿದ್ದಳು. 2021ರ ಜನವರಿಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಈ ಶಿಕ್ಷೆಯು ಅವಳ ಮಾನವಗೌರವಕ್ಕೆ ಕುಂದು ತಂದಿತೆಂದು ತೀರ್ಪು ಕೊಟ್ಟಿತು. ಅವಳು ಅಕ್ಷರವನ್ನೇ ಅರಿಯದವಳಾಗಿದ್ದಳು. ರೋಮಾ ಜನರ ಪೂರ್ವಿಕರು ನಮ್ಮ ಭರತಖಂಡದಿಂದ ಹೊರಟವರು. ಅವರ ಭಾಷೆಯಲ್ಲಿ ಇಂದಿಗೂ ನೀರಿಗೆ 'ಪಾನಿ' ಎನ್ನುತ್ತಾರೆ. ಪರದೇಶದ ಬೀದಿಯಲ್ಲಿ ಕೈಚಾಚುವವಳು ನಮಗೆ ತೀರ ಹೊರಗಿನವಳೆಂದು ಹೇಳುವುದು ಹೇಗೆ?

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಮೈಸೂರು ಸಂಸ್ಥಾನದಲ್ಲಿ 1944ರಲ್ಲಿಯೇ ಭಿಕ್ಷಾಟನೆಯನ್ನು ನಿಷೇಧಿಸುವ ಕಾನೂನಾಯಿತು. ಅದರ ಸ್ಥಾನದಲ್ಲಿ 1975ರ ಕರ್ನಾಟಕದ ಕಾನೂನು ಬಂದಿತು. ಅದರಂತೆ ನಮ್ಮ ಮನೆಕಂದಾಯದೊಡನೆ ನೂರಕ್ಕೆ 3ರಂತೆ ಭಿಕ್ಷುಕರ ಕರವನ್ನು ವಸೂಲು ಮಾಡಲಾಗುತ್ತದೆ. ಹೀಗಿದ್ದರೂ 2010ರಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಅಲ್ಪಕಾಲದೊಳಗೆ ಅನೇಕರು ಮೃತಪಟ್ಟರು. ಕರವನ್ನು ತೆತ್ತ ಮಾತ್ರಕ್ಕೆ ಕರ್ತವ್ಯವು ತೀರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಮುಖ್ಯವಾದ ಮಾತು ಇಷ್ಟೇ. ಪರದೇಶದಲ್ಲಿ ಭಿಕ್ಷುಕನು ಕಣ್ಣಿಗೆ ಬೀಳುವುದು ಅವನು ಅಲ್ಲಿ ಹೊಸಬನಾಗಿ ತೋರುವುದರಿಂದ. ಇಲ್ಲಿ ಬೀಳದಿರುವುದು ನಮ್ಮ ಕಣ್ಣು ಅವನಿಗೆ ಒಗ್ಗಿಹೋಗಿರುವುದರಿಂದ. ಮಾಕವಳ್ಳಿಯಿಂದ ಕೃಷ್ಣರಾಜಪೇಟೆಗೆ ಹೋಗಿ ಬಸ್ಸಿಗಾಗಿ ಕಾದು ನಿಂತಾಗ, ಗಂಜಾಮಿನ ನಿಮಿಷಾಂಬೆಯ ಗುಡಿಯ ಬಳಿ ನಡೆದಾಗ, ಮೇಲುಕೋಟೆಯ ವೈರಮುಡಿಯ ಜನಸಂದಣಿಯಲ್ಲಿ, ಚಾಚಿದ ಕೈಗಳನ್ನು ನಾವು ಎಷ್ಟು ಸಾರಿ ನೋಡಿಯೂ ನೋಡದಂತೆ ದಾಟಿಲ್ಲ! ಪರಸ್ಥಳದಲ್ಲಿ ನಿದ್ರೆಗೆಡಿಸಿದ ನೋಟವು ಸ್ವಸ್ಥಳದಲ್ಲಿಯೂ ನಿದ್ರೆಗೆಡಿಸಿದರಲ್ಲವೆ ಅದು ಕನಿಕರವೆನಿಸುವುದು? ಅಲ್ಲವಾದರೆ ಅದು ಬರಿಯ ಕುತೂಹಲವು.

ಲೂಕನ ಸುವಾರ್ತೆಯಲ್ಲಿ ನಮ್ಮ ಸ್ವಾಮಿಯು ಹೇಳಿದ ಸಾಮ್ಯದ ಐಶ್ವರ್ಯವಂತನು ಲಾಜರನನ್ನು ಹೊಡೆದನೆಂದಾಗಲಿ ಬಾಗಿಲಿನಿಂದ ಅಟ್ಟಿದನೆಂದಾಗಲಿ ಎಲ್ಲಿಯೂ ಹೇಳಿಲ್ಲ. ದಿನವೂ ತನ್ನ ಬಾಗಿಲ ಬಳಿ ಬಿದ್ದಿದ್ದವನನ್ನು ಅವನು ಲಕ್ಷಿಸಲಿಲ್ಲ, ಅಷ್ಟೆ. ಆ ಕಥೆಯಲ್ಲಿ ಹೆಸರಿರುವುದು ಭಿಕ್ಷುಕನಿಗೆ. ಐಶ್ವರ್ಯವಂತನಿಗೆ ಹೆಸರೇ ಇಲ್ಲ.

ಕಾಸು ಕೊಟ್ಟರೆ ಸೋಮಾರಿತನ ಹೆಚ್ಚುವುದೆಂದೂ, ಬೇಡುವವರ ಹಿಂದೆ ದುರಾಶೆಯ ಜನರಿರುವರೆಂದೂ ಆಕ್ಷೇಪಿಸುವವರುಂಟು. ಕೆಲವೆಡೆ ಅದು ನಿಜವಿರಬಹುದು. ಆದಕಾರಣ ಕಾಸು ಕೊಡುವುದನ್ನೂ ಬಿಡುವುದನ್ನೂ ನಾವು ಅವರವರ ಮನಸ್ಸಾಕ್ಷಿಗೆ ಬಿಡುತ್ತೇವೆ. ಆದರೆ ಮುಖವೆತ್ತಿ ನೋಡಿ, "ನಿಮ್ಮ ಹೆಸರೇನಮ್ಮ?" ಎಂದು ಕೇಳುವುದರಿಂದ ಯಾರೂ ಸೋಮಾರಿಗಳಾಗರು. ಬೇಡುವುದು ಮಗುವಾದರೆ ಕಾಸಿನಿಂದ ತೃಪ್ತರಾಗುವುದು ಸಲ್ಲದು. ಆ ಕಾಸೇ ಅದನ್ನು ಬೀದಿಯಲ್ಲಿ ಉಳಿಸೀತು. 2009ರ ಕಾನೂನಿನ ಮೇರೆಗೆ ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕುಂಟು. ಮಕ್ಕಳ ಸಹಾಯಕ್ಕೆ 1098 ಎಂಬ ದೂರವಾಣಿಯುಂಟು. ನಾವು ತೆತ್ತ ಕರವು ಏನಾಯಿತೆಂದು ಪುರಸಭೆಯಲ್ಲಿಯೂ ಪಂಚಾಯಿತಿಯಲ್ಲಿಯೂ ಕೇಳುವುದು ಓದಿದ ಹೆಂಗಸರ ಕೆಲಸವೇ ಸರಿ.

ಪ್ರಿಯ ಸಹೋದರಿಯರೇ, ಪರದೇಶದಿಂದ ನೀವು ತರುವ ಉಡುಗೊರೆಗಳಲ್ಲಿ ಆ ಹೊಸ ಕಣ್ಣೂ ಒಂದಾಗಿರಲಿ. ಅದನ್ನು ಅಲ್ಲಿಯೇ ಬಿಟ್ಟು ಬರಬೇಡಿರಿ.