ನಟನೆಗೆ ಇಳಿಯುವ ಮುನ್ನ ಒಂದು ವರ್ಷ ಕಲಿಯಬೇಕೆ?

ಡಿಗ್ರಿ ಮುಗಿಸಿ, ಮೊಬೈಲಿನಲ್ಲಿ ಒಂದಷ್ಟು ಫೋಟೊ ತುಂಬಿಕೊಂಡು, ಧಾರಾವಾಹಿಯ ಆಡಿಷನ್ನಿಗೆಂದು ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರಿಗೆ ಬೇಗನೆ ಎದುರಾಗುವ ಪ್ರಶ್ನೆ ಇದು. ಸಿಕ್ಕ ಪಾತ್ರ ಒಪ್ಪಿಕೊಂಡು ಸೆಟ್ಟಿನಲ್ಲೇ ಕಲಿಯುವುದೋ, ಇಲ್ಲಾ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಕಡೆ ಒಂದು ವರ್ಷ ಕಲಿತು ಬರುವುದೋ? ನನ್ನ ಒಲವು ಕಲಿತು ಬರುವುದರ ಕಡೆಗಿದೆ. ಆದರೂ ಎದುರು ಪಕ್ಷದ ವಾದವನ್ನು ಬರೆಯುವಾಗ ಕೆಲವು ಕಡೆ ನನ್ನ ನಿಲುವು ಅಲುಗಾಡಿತು. ಆ ಮಾತುಗಳನ್ನು ಮೆದುಗೊಳಿಸದೆ ಹಾಗೇ ಇಟ್ಟಿದ್ದೇನೆ.

ಪರ: ಮೊದಲು ಕಲಿಯಲಿ

ಧಾರಾವಾಹಿಯ ಸೆಟ್ಟಿನಲ್ಲಿ ಹೊಸಬರಿಗೆ ಸಿಗದ ವಸ್ತುವೆಂದರೆ ಸಮಯ. ಹೆಚ್ಚುಕಡಿಮೆ ದಿನಕ್ಕೊಂದು ಎಪಿಸೋಡ್ ಮುಗಿಯಬೇಕು. ಎಷ್ಟೋ ಸಲ ಸೀನ್ ಪೇಪರ್ ಕೈಗೆ ಬರುವುದೇ ಮೇಕಪ್ಪಿಗೆ ಕೂತಾಗ. ಮಾತು ಬಾಯಿಗೆ ಬಾರದಿದ್ದರೆ ಸಹಾಯಕ ನಿರ್ದೇಶಕರು ಕ್ಯಾಮೆರಾ ಹಿಂದೆ ನಿಂತು ಪ್ರಾಂಪ್ಟ್ ಮಾಡುತ್ತಾರೆ. ಅಂದಿನ ಕೆಲಸ ಸಾಗುತ್ತದೆ, ನಿಜ. ಆದರೆ ಕೆಲವು ತಿಂಗಳು ಹೀಗೇ ನಡೆದರೆ ನಟಿಯ ಕಿವಿ ಎದುರಿಗಿರುವ ಪಾತ್ರವನ್ನು ಬಿಟ್ಟು ಪ್ರಾಂಪ್ಟ್ ಮಾಡುವವರ ಕಡೆ ತಿರುಗಿಬಿಡುತ್ತದೆ. ಅತ್ತೆ ಏನು ಹೇಳಿದಳೆಂಬುದು ಸೊಸೆಗೆ ತಟ್ಟುವುದೇ ಇಲ್ಲ. ತನ್ನ ಸಾಲು ಯಾವಾಗ ಬರುತ್ತದೆಂದು ಕಾಯುತ್ತ ನಿಂತಿರುತ್ತಾಳೆ. ಈ ಅಭ್ಯಾಸ ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದು ಬಲು ಕಷ್ಟ. ಅಳುವ ದೃಶ್ಯದಲ್ಲೂ ಇದೇ ಪಾಡು. ಗ್ಲಿಸರಿನ್ ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ, ಉಸಿರು ಮಾತ್ರ ಹಾಯಾಗಿ ಆಡುತ್ತಿರುತ್ತದೆ. ನೋಡುವವರಿಗೆ ಎಲ್ಲೋ ಸುಳ್ಳು ಅನ್ನಿಸುವುದು ಅಲ್ಲೇ.

ಶಾಲೆ ಕಲಿಸುವುದು ಈ ಉಸಿರಿನಿಂದ ಶುರುವಾಗುತ್ತದೆ. ಎದೆಯ ಮೇಲ್ಭಾಗದಲ್ಲೇ ಉಸಿರಾಡುವವನ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಉದ್ದನೆಯ ಮಾತಿನ ಕೊನೆಯ ಪದ ಯಾರಿಗೂ ಕೇಳುವುದಿಲ್ಲ. ನಾಭಿಯಿಂದ ಉಸಿರೆತ್ತುವುದನ್ನು ರೂಢಿಸಿಕೊಳ್ಳಲು ತಿಂಗಳುಗಳೇ ಬೇಕು. ಆಮೇಲೆ ಬರುವುದು ಪಾತ್ರವನ್ನು ಬಿಡಿಸಿ ನೋಡುವ ಕ್ರಮ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬರಾದ ಸ್ತಾನಿಸ್ಲಾವ್‌ಸ್ಕಿ ನಟನ ಮುಂದಿಟ್ಟ ಮುಖ್ಯ ಪ್ರಶ್ನೆ, ಈ ಪಾತ್ರಕ್ಕೆ ಈಗ, ಎದುರಿಗಿರುವವರಿಂದ ಏನು ಬೇಕು ಎಂಬುದು. 'ದುಃಖದಿಂದ ನಿಂತಿರು' ಎಂದರೆ ಹೊಸ ನಟಿ ಹುಬ್ಬು ಗಂಟಿಕ್ಕುತ್ತಾಳೆ. 'ಮಗ ಕೋಣೆಯಿಂದ ಆಚೆ ಹೋಗುವವರೆಗೆ ಈ ಕಾಗದ ಅವನ ಕಣ್ಣಿಗೆ ಬೀಳಬಾರದು' ಎಂದು ಹೇಳಿ ನೋಡಿ. ಕೈ, ಕಣ್ಣು, ಬೆನ್ನು ಎಲ್ಲವೂ ಕೆಲಸಕ್ಕಿಳಿಯುತ್ತವೆ, ದುಃಖ ತಾನಾಗಿ ಬರುತ್ತದೆ. ಸಿನಿಮಾದಲ್ಲಿ ಕ್ಲೈಮ್ಯಾಕ್ಸನ್ನು ಮೊದಲ ವಾರವೇ ತೆಗೆಯಬಹುದು, ಒಂದೇ ಶಾಟ್ ಹತ್ತು ಟೇಕಿಗೆ ಹೋಗಬಹುದು. ಆಗ ಮೂಡ್ ನಂಬಿಕೊಂಡವನ ಕೈ ಖಾಲಿ. ಪಾತ್ರಕ್ಕೆ ಏನು ಬೇಕೆಂದು ತಿಳಿದವನು ಹತ್ತನೇ ಟೇಕಿನಲ್ಲೂ ಅದನ್ನು ಹಿಡಿದು ನಿಲ್ಲಬಲ್ಲ.

'ರಾಜ್‌ಕುಮಾರ್ ಯಾವ ಶಾಲೆಗೆ ಹೋಗಿದ್ದರು?' ಎಂದು ಕೇಳುವವರಿದ್ದಾರೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಅವರು ನಾಯಕರಾದಾಗ ವಯಸ್ಸು 25. ಆ ಹೊತ್ತಿಗೆ ಗುಬ್ಬಿ ವೀರಣ್ಣ, ಸುಬ್ಬಯ್ಯ ನಾಯ್ಡು ಅವರ ನಾಟಕ ಕಂಪನಿಗಳಲ್ಲಿ ಬಾಲ್ಯದಿಂದ ಬೆಳೆದು ಬಂದಿದ್ದರು. ಕಂಪನಿಯೆಂದರೆ ಪೂರ್ತಿ ಶಾಲೆಯೇ. ಪ್ರಹ್ಲಾದ, ಲೋಹಿತಾಶ್ವನಿಂದ ಶುರುವಾದ ಹುಡುಗನಿಗೆ ಹಾರ್ಮೋನಿಯಂ ಮೇಷ್ಟ್ರು ಹಾಡು ತಿದ್ದುತ್ತಿದ್ದರು, ಹಿರಿಯ ನಟರು ಮಾತು ತಿದ್ದುತ್ತಿದ್ದರು, ಕ್ಯಾಂಪ್ ಹಾಕಿದ ಊರಿನಲ್ಲಿ ಅದೇ ನಾಟಕ ಮತ್ತೆ ಮತ್ತೆ ರಂಗಕ್ಕೆ ಏರುತ್ತಿತ್ತು. ಇವತ್ತು ತಪ್ಪಿದ್ದನ್ನು ನಾಳೆ ಸರಿಪಡಿಸಿಕೊಳ್ಳಬಹುದಿತ್ತು. ಧಾರಾವಾಹಿಯಲ್ಲಿ ತಪ್ಪಿದ್ದು ಅದೇ ವಾರ ಮನೆ ಮನೆ ತಲುಪುತ್ತದೆ, ಆ ದೃಶ್ಯ ಮತ್ತೆ ಕೈಗೆ ಸಿಗುವುದಿಲ್ಲ. ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಕಂಪನಿಗಳು ಕರಗುತ್ತ ಬಂದ ಕಾಲದಲ್ಲಿ ಊರಿಂದೂರಿಗೆ ಅದೇ ನಾಟಕಗಳನ್ನು ಹೊತ್ತುಕೊಂಡು ಹೋಗಿ ಆಡುವ ಅವಕಾಶ ಹೊಸ ನಟರಿಗೆ ಹಾಗೆ ಸಿಕ್ಕಿತು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಹೆಗ್ಗೋಡಿನಲ್ಲಿ ಕಲಿತವರು. ಅಚ್ಯುತ್ ಚಿಕ್ಕ ಪಾತ್ರಕ್ಕೆ ಬಂದರೂ ದೃಶ್ಯದ ತೂಕ ಹೆಚ್ಚುವುದನ್ನು ನೋಡಿ. ಎದುರಿನವರ ಮಾತನ್ನು ಅವರು ನಿಜವಾಗಿಯೂ ಕೇಳಿಸಿಕೊಳ್ಳುತ್ತಾರೆ.

ಇಪ್ಪತ್ತೆರಡರಲ್ಲಿ ಒಂದು ವರ್ಷ ಕೊಡುವುದು ದೊಡ್ಡ ತ್ಯಾಗವೇನೂ ಅಲ್ಲ. ಮೂವತ್ತೈದಾದ ಮೇಲೆ, ಒಂದೇ ಬಗೆಯ ಪಾತ್ರಕ್ಕೆ ಅಂಟಿಹೋದಾಗ, ಆ ವರ್ಷ ಬೇಕೆಂದರೂ ಸಿಗುವುದಿಲ್ಲ.

ವಿರೋಧ: ಕೆಲಸ ಮಾಡುತ್ತಲೇ ಕಲಿಯಲಿ

ಕಂಪನಿಯ ಉದಾಹರಣೆ ಕೊಟ್ಟಿದ್ದು ಒಳ್ಳೆಯದೇ ಆಯಿತು. ಆ ಹುಡುಗ ಮೊದಲು ಒಂದು ವರ್ಷ ಎಲ್ಲೋ ಕಲಿತು ಆಮೇಲೆ ರಂಗಕ್ಕೆ ಬಂದವನಲ್ಲ. ಮೊದಲ ದಿನವೇ ಕೆಲಸಕ್ಕೆ ಸೇರಿದ, ಊಟ ಅಲ್ಲೇ ಉಂಡ, ಕಲಿಕೆ ದುಡಿಮೆಯ ಜೊತೆಗೇ ಬಂತು. ಯಕ್ಷಗಾನ ಮೇಳದಲ್ಲೂ ಬಹುಕಾಲ ನಡೆದು ಬಂದದ್ದು ಇದೇ ದಾರಿ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲನಾಗಿ ಕುಣಿದ ಹುಡುಗ ಸ್ತ್ರೀವೇಷ, ಪುಂಡುವೇಷಗಳನ್ನು ದಾಟಿ ಎರಡನೇ ವೇಷದವರೆಗೆ ಏರುತ್ತಿದ್ದ. ಚೌಕಿಯಲ್ಲಿ ಹಿರಿಯರ ಬಣ್ಣಗಾರಿಕೆ ನೋಡುತ್ತಿದ್ದ, ರಂಗದ ಪಕ್ಕ ನಿಂತು ಅವರ ಅರ್ಥಗಾರಿಕೆ ಕೇಳುತ್ತಿದ್ದ. ಪ್ರೇಕ್ಷಕರು ಅವನ ಮೊದಲ ರಾತ್ರಿಯಿಂದಲೇ ಎದುರಿಗಿದ್ದರು.

ಹೊಸಬರಿಗೆ ಬೇಕಾದದ್ದು ತಿದ್ದುವ ಹಿರಿಯರು ಮತ್ತು ಮತ್ತೆ ಮತ್ತೆ ಆಡುವ ಅವಕಾಶ. ಇವೆರಡೂ ಹವ್ಯಾಸಿ ತಂಡದಲ್ಲಿ ಸಿಗುತ್ತವೆ, ಅದೂ ಕೆಲಸ ಬಿಡದೆ. ಬೆಂಗಳೂರಿನ ತಂಡಗಳ ತಾಲೀಮು ನಡೆಯುವುದು ಹೆಚ್ಚಾಗಿ ಸಂಜೆಯ ಹೊತ್ತು. ಸಂಚಾರಿ ವಿಜಯ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ ಸಂಚಾರಿ ಥಿಯೇಟರ್ ತಂಡದಲ್ಲಿ ಆಡಿ ಬೆಳೆದವರು. ತಂಡದ ಹೆಸರೇ ಅವರ ಹೆಸರಾಯಿತು. 'ನಾನು ಅವನಲ್ಲ... ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರ ಹಿಂದೆ ಯಾವ ಡಿಪ್ಲೊಮಾವೂ ಇರಲಿಲ್ಲ, ರಂಗದ ಮೇಲೆ ಕಳೆದ ಸಂಜೆಗಳಿದ್ದವು. ಶಂಕರ್ ನಾಗ್ ಮುಂಬೈಯ ಮರಾಠಿ ರಂಗಭೂಮಿಯಿಂದ ನೇರವಾಗಿ 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಬಂದರು, ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಯಶ್ ಮೈಸೂರಿನಿಂದ ಬಂದು ಬಿ.ವಿ. ಕಾರಂತರ ಬೆನಕ ತಂಡದಲ್ಲಿ ತೆರೆಯ ಹಿಂದಿನ ಕೆಲಸದಿಂದ ಆರಂಭಿಸಿ, ಧಾರಾವಾಹಿ ದಾಟಿ ಸಿನಿಮಾಕ್ಕೆ ಹೋದರು.

ಕ್ಯಾಮೆರಾದ ವಿದ್ಯೆಯೇ ಬೇರೆ. ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟುವಂತೆ ಕಲಿತ ದನಿ, ಬೀಸುವ ಕೈ ಕ್ಲೋಸ್‌ಅಪ್ಪಿನಲ್ಲಿ ಅತಿಯಾಗಿ ಕಾಣುತ್ತದೆ. 'ನಾಟಕದ ಥರ ಆಯ್ತು, ಕಡಿಮೆ ಮಾಡಿ' ಎಂಬ ಮಾತು ಕೇಳದ ರಂಗನಟ ಅಪರೂಪ. ಗುರುತು ಹಾಕಿದ ಜಾಗಕ್ಕೆ ಕೆಳಗೆ ನೋಡದೆ ಬಂದು ನಿಲ್ಲುವುದು, ಲೆನ್ಸಿನ ಪಕ್ಕ ಯಾರೂ ಇಲ್ಲದಿದ್ದರೂ ಅಲ್ಲಿ ತಂಗಿ ನಿಂತಿದ್ದಾಳೆಂದು ಲುಕ್ ಕೊಡುವುದು, ಮಾಸ್ಟರ್ ಶಾಟಿನಲ್ಲಿ ಯಾವ ಮಾತಿಗೆ ಕಾಫಿ ಲೋಟ ಎತ್ತಿದ್ದೆನೋ ಕ್ಲೋಸಿನಲ್ಲೂ ಅದೇ ಮಾತಿಗೆ ಎತ್ತುವುದು, ಇವೆಲ್ಲ ಸೆಟ್ಟಿನಲ್ಲಿ ಮಾತ್ರ ಕೈಹತ್ತುತ್ತವೆ.

ಮನೆಯ ಸ್ಥಿತಿಯನ್ನೂ ನೋಡಬೇಕು. ಅಪ್ಪನ ಬೆಳೆಸಾಲ, ತಂಗಿಯ ಕಾಲೇಜು ಫೀಸು ಹೊತ್ತುಕೊಂಡ ಹುಡುಗಿಗೆ ಧಾರಾವಾಹಿಯ ದಿನಗೂಲಿ ಎಂದರೆ ಮನೆಗೆ ಕಳಿಸುವ ದುಡ್ಡು. ಅವಳಿಗೆ 'ಒಂದು ವರ್ಷ ಬಿಟ್ಟು ಬಾ' ಎನ್ನುವುದು ಉಳ್ಳವರು ಕೊಡುವ ಸಲಹೆ. ಆ ಸಂಕಟವನ್ನೇ ಬಂಡವಾಳ ಮಾಡಿಕೊಂಡು, ವಾರಾಂತ್ಯದ ತರಗತಿಗೆ ದೊಡ್ಡ ಮೊತ್ತ ಕಟ್ಟಿಸಿಕೊಂಡು, ಕೊನೆಗೊಂದು ಸರ್ಟಿಫಿಕೇಟು ಕೈಗಿಡುವ ನಟನಾ ಶಾಲೆಗಳೂ ಇವೆ. ಹೆಗ್ಗೋಡಿಗೆ ಸೀಟು ಸಿಗದವರು ಹೆಚ್ಚಾಗಿ ಸೇರುವುದು ಅಲ್ಲಿಗೇ.

ಇನ್ನು ಕಾರಂತರ ಬದುಕನ್ನೇ ನೋಡಿ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದದ್ದು 1962ರಲ್ಲಿ, ಮೂವತ್ತು ದಾಟಿದ ಮೇಲೆ. ಮುಂದೆ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಂಪನಿಯ ರಂಗವನ್ನು ಒಳಗಿನಿಂದ ಬಲ್ಲವರಾಗಿ ಅವರು ಶಾಲೆಗೆ ಹೋದರು. ಕೆಲಸದಲ್ಲಿ ಎಡವಿದವನಿಗೆ ಏನು ಕಲಿಯಬೇಕೆಂದು ಗೊತ್ತಿರುತ್ತದೆ; ಎಡವದವನು ಉಸಿರಿನ ಪಾಠವನ್ನು ಬೆಳಗಿನ ವ್ಯಾಯಾಮದಂತೆ ಮಾಡಿ ಮರೆಯುತ್ತಾನೆ.

ಪ್ರಾಂಪ್ಟಿಂಗಿನ ಬಗ್ಗೆ ಪರ ಪಕ್ಷ ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಮದ್ದೂ ಸೆಟ್ಟಿನಲ್ಲೇ ಇದೆ. ಸೀನ್ ಪೇಪರ್ ಬಂದ ಕೂಡಲೇ ಎದುರಿನ ಪಾತ್ರದ ಮಾತನ್ನೂ ಓದಿಕೊಳ್ಳಲಿ, ಲೈಟಿಂಗ್ ಆಗುವಷ್ಟು ಹೊತ್ತು ಅನುಭವಸ್ಥ ಕಲಾವಿದರೊಬ್ಬರ ಜೊತೆ ಕೂತು ಎರಡು ಸಲ ಆಡಿ ನೋಡಲಿ. ಎಷ್ಟೋ ಹಿರಿಯರು ಕಂಪನಿಯಿಂದ, ರಂಗಭೂಮಿಯಿಂದ ಬಂದವರೇ, ಕೇಳಿದರೆ ಹೇಳಿಕೊಡುತ್ತಾರೆ. ಪಾತ್ರ ಒಪ್ಪಿಕೊಳ್ಳುವಾಗಲೇ ತಿಂಗಳಿಗೆ ಎಷ್ಟು ದಿನ ಕಾಲ್‌ಶೀಟ್ ಎಂದು ಕೇಳಿ ಬರೆಸಿಕೊಳ್ಳಲಿ, ಬಿಡುವಿನ ಸಂಜೆಗಳಲ್ಲಿ ತಾಲೀಮಿಗೆ ಸೇರಿಸಿಕೊಳ್ಳುವ ತಂಡವೊಂದನ್ನು ಆ ವಾರವೇ ಹುಡುಕಿಕೊಳ್ಳಲಿ.