ರೇಸ್ ಕಾರಿಗೆ ಅದರದ್ದೇ ಜಾಗ ಇದೆ, ಅದು ನಮ್ಮ ಹೆದ್ದಾರಿ ಅಲ್ಲ

ತಲಪಾಡಿಯಿಂದ ಮುಲ್ಕಿಯವರೆಗೆ ಹೆದ್ದಾರಿ ಬದಿಯಲ್ಲಿ ಮನೆ ಇರುವವರಿಗೆ ಈ ಸದ್ದು ಹೊಸತಲ್ಲ. ಊಟ ಮುಗಿಸಿ ಮಲಗುವ ಹೊತ್ತಿಗೆ ಸೈಲೆನ್ಸರ್ ಬದಲಿಸಿದ ಕಾರೊಂದು ಪಟಾಕಿ ಸಿಡಿದ ಹಾಗೆ ಸಿಡಿಯುತ್ತಾ ಹೋಗುತ್ತದೆ. ಅದರ ಬೆನ್ನಿಗೇ ಇನ್ನೊಂದು. ತೊಟ್ಟಿಲಲ್ಲಿ ಮಲಗಿದ ಮಗು ಎದ್ದು ಅಳುತ್ತದೆ, ಹುಷಾರಿಲ್ಲದ ಹಿರಿಯರು ಬೆಚ್ಚಿ ಬೀಳುತ್ತಾರೆ. ಮದುವೆ ಸೀಸನ್ ಬಂದರಂತೂ ಕೇಳುವುದೇ ಬೇಡ. ಪುದಿಯಾಪ್ಳೆಯ ಕಾರಿನ ಹಿಂದೆ ಮುಂದೆ ಗೆಳೆಯರ ಕಾರುಗಳು ರಸ್ತೆ ತುಂಬಾ ಅಡ್ಡಾದಿಡ್ಡಿ ಓಡುತ್ತವೆ. "ಮಕ್ಕಳ ಖುಷಿ, ಬಿಡಿ ಮಾರ್ರೆ" ಎನ್ನುವವರೂ ಇದ್ದಾರೆ. ಆದರೆ ಬಿಟ್ಟುಬಿಡುವಷ್ಟು ಸಣ್ಣ ವಿಷಯ ಇದಲ್ಲ.

ಕಾರಿನ ಹುಚ್ಚು ತಪ್ಪು ಎಂದು ನಾವು ಹೇಳುವುದಿಲ್ಲ. ನಮ್ಮ ಪಕ್ಕದ ಮೊಗ್ರಾಲ್‌ನ ಮೂಸಾ ಶರೀಫ್ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪನ್ನು ಹಲವು ಬಾರಿ ಗೆದ್ದವರು. ಅವರದ್ದು ಸ್ಟೇರಿಂಗ್ ಹಿಡಿಯುವ ಕೆಲಸವಲ್ಲ, ಪಕ್ಕದ ಸೀಟಿನಲ್ಲಿ ಕುಳಿತು ದಾರಿ ಹೇಳುವ ನ್ಯಾವಿಗೇಟರ್ ಕೆಲಸ. ಸ್ಪರ್ಧೆಗೆ ಮೊದಲು ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗಿ, ಪ್ರತಿಯೊಂದು ತಿರುವು, ಹೊಂಡ, ಉಬ್ಬುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸ್ಪರ್ಧೆಯ ದಿನ ಅದನ್ನೇ ಓದಿ ಹೇಳುತ್ತಾರೆ. ಅಂದರೆ ಆ ವೇಗದ ಹಿಂದೆ ಅಷ್ಟು ತಯಾರಿ ಇದೆ. ನಮ್ಮ ಹುಡುಗರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ರ‍್ಯಾಲಿಯ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಹೋಗುವಾಗ ಅದೇ ಚಾಂಪಿಯನ್ ಕಾರು ಎಲ್ಲರ ಹಾಗೆ ಟ್ರಾಫಿಕ್ ನಿಯಮ ಪಾಲಿಸಬೇಕು. ವೇಗ ಏನಿದ್ದರೂ ಬಂದ್ ಮಾಡಿದ ರಸ್ತೆಯಲ್ಲಿ ಮಾತ್ರ.

ಬಂದ್ ಮಾಡಿದ ರಸ್ತೆಯೂ ಪೂರ್ತಿ ಸುರಕ್ಷಿತವಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರ‍್ಯಾಲಿ ನಡೆಯುತ್ತಿದ್ದ ರಸ್ತೆಗೆ ಬೈಕೊಂದು ಬಂತು. ಕಾರು ಡಿಕ್ಕಿ ಹೊಡೆದು ಬೈಕಿನಲ್ಲಿದ್ದ ಗಂಡ, ಹೆಂಡತಿ, ಮಗ ಮೂವರೂ ಸತ್ತರು. ಕಾವಲು ಹಾಕಿದ ರಸ್ತೆಯಲ್ಲಿ, ನುರಿತವರ ಕೈಯಲ್ಲಿ ಹೀಗಾಯಿತು. ಇನ್ನು ಮದ್ರಸದ ಮಕ್ಕಳು ದಾಟುವ, ಮೀನಿನ ಲಾರಿ, ಸಿಟಿ ಬಸ್ಸು, ರಿಕ್ಷಾ, ದನ ಎಲ್ಲ ಇರುವ ತೊಕ್ಕೊಟ್ಟಿನಲ್ಲೋ ಸುರತ್ಕಲ್‌ನಲ್ಲೋ ಏನಾಗಬಹುದು?

ಲೆಕ್ಕ ಸರಳ. 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ, 120ರಲ್ಲಿ 33 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಟ್ರ್ಯಾಕಿನ ಸಾಮಾನು ರಸ್ತೆಗೆ ಹೊಂದುವುದೂ ಇಲ್ಲ. ಒಣ ಟ್ರ್ಯಾಕಿನಲ್ಲಿ ಹಾಕುವ ರೇಸ್ ಟಯರಿಗೆ ನೀರು ಹೊರಹಾಕುವ ಗೀರುಗಳೇ ಇರುವುದಿಲ್ಲ. ನಮ್ಮ ಜೂನ್ ತಿಂಗಳ ಮಳೆಯಲ್ಲಿ ಅದು ಜಾರುಬಂಡಿ. ರೇಸಿನ ಬ್ರೇಕ್ ಪ್ಯಾಡ್ ಬಿಸಿಯಾದರಷ್ಟೇ ಸರಿಯಾಗಿ ಹಿಡಿಯುತ್ತದೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರು ಹೊಂಡಕ್ಕೆ ಬಿದ್ದರೆ ಹಿಡಿತ ತಪ್ಪಬಹುದು. ಹೊಂಡವಿಲ್ಲದ ರಸ್ತೆ ನಮ್ಮಲ್ಲಿ ಎಷ್ಟಿದೆ ಎಂದು ನಿಮಗೇ ಗೊತ್ತು.

ಇನ್ನು ಕಾನೂನು. ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ಶಿಕ್ಷೆ ಕಾರಿನ ಮಾಲೀಕನಿಗೆ. ಆರ್‌ಸಿ ಯಾರ ಹೆಸರಲ್ಲಿದೆ? ಎಷ್ಟೋ ಮನೆಗಳಲ್ಲಿ ಜುಬೈಲಿನಲ್ಲೋ ದುಬೈಯಲ್ಲೋ ದುಡಿಯುವ ಬಾಪನ ಹೆಸರಲ್ಲಿ. ಓಡಿಸುವವನು ಹದಿನೆಂಟು ತುಂಬದ ಹುಡುಗನಾದರೆ ಪೋಷಕರಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಇದೆ. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸೂ ಸಿಗುವುದಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಎನ್ನಬೇಡಿ. ಪಾಲಿಸಿಯನ್ನು ತೆಗೆದು ಓದಿ. ರೇಸಿಗೆ, ವೇಗದ ಪರೀಕ್ಷೆಗೆ ಬಳಸಿದರೆ ರಕ್ಷಣೆ ಇಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಮನೆ ಒಂದು ರಾತ್ರಿಯ ಮೋಜಿನಿಂದ ಸಾಲದಲ್ಲಿ ಮುಳುಗಬಹುದು. ಎದುರಿನ ಮನೆಯವರು ಕಳೆದುಕೊಂಡ ಜೀವಕ್ಕೆ ಯಾವ ಪರಿಹಾರವೂ ಸಾಲದು.

"ಗಲ್ಫಿನಲ್ಲಿ ಎಂಥೆಂಥ ಕಾರು ಓಡಿಸ್ತಾರೆ ಗೊತ್ತುಂಟಾ?" ಎಂದು ಹುಡುಗರು ಕೇಳುತ್ತಾರೆ. ಗೊತ್ತುಂಟು. ದುಬೈಯಲ್ಲಿ 2023ರ ಆದೇಶದಂತೆ ವೇಗ ಅಥವಾ ಸದ್ದು ಹೆಚ್ಚಾಗುವ ಹಾಗೆ ಬದಲಿಸಿದ ಕಾರನ್ನು ಪೊಲೀಸರು ಹಿಡಿದರೆ ಬಿಡಿಸಿಕೊಳ್ಳಲು 10,000 ದಿರ್ಹಂ ಕಟ್ಟಬೇಕು. ಜನರ ಜೀವಕ್ಕೆ ಅಪಾಯ ಆಗುವಂತೆ ಓಡಿಸಿದರೆ 50,000 ದಿರ್ಹಂ. ಅಲ್ಲಿ ಬಾಲ ಮುದುಡಿ ಓಡಿಸುವವರು ಊರಿಗೆ ಬಂದ ಕೂಡಲೇ ಹುಲಿಯಾಗುವುದು ಯಾಕೆ?

"ಹಾಗಾದರೆ ಮಂಗಳೂರಿನಲ್ಲಿ ಟ್ರ್ಯಾಕ್ ಎಲ್ಲಿದೆ?" ಎಂಬ ಅವರ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಟ್ರ್ಯಾಕ್ ಇದೆ. ರೇಸಿಂಗ್ ಲೈಸೆನ್ಸ್ ಮಾಡಿಸಿ, ಹೆಲ್ಮೆಟ್ ಹಾಕಿ, ಆಂಬುಲೆನ್ಸ್ ನಿಂತಿರುವ ಜಾಗದಲ್ಲಿ ಓಡಿಸಲಿ. ಸೈಲೆನ್ಸರಿಗೂ ಅಲಾಯ್ ವೀಲಿಗೂ ಸುರಿಯುವ ಹಣದಲ್ಲಿ ಅಲ್ಲಿಗೆ ಹೋಗಿ ಬರಬಹುದು. ನಮ್ಮ ಜಿಲ್ಲೆಯಲ್ಲೂ ಅಂಥ ಜಾಗ ಬೇಕೆಂದು ಕೇಳೋಣ, ಅದರಲ್ಲಿ ತಪ್ಪಿಲ್ಲ.

ಅದಕ್ಕೆ ಮೊದಲು ನಮ್ಮ ಕೈಯಲ್ಲೇ ಇರುವ ಕೆಲಸ ಮಾಡೋಣ. ಮದುವೆ ಮಾತುಕತೆಯಲ್ಲಿ ಊಟ, ಹಾಲ್ ಎಂದೆಲ್ಲ ಲೆಕ್ಕ ಹಾಕುವಾಗ "ದಿಬ್ಬಣದಲ್ಲಿ ಕಾರಿನ ಆಟ ಬೇಡ" ಎಂಬ ಒಂದು ಮಾತನ್ನೂ ಸೇರಿಸೋಣ. ಹುಡುಗನ ಗೆಳೆಯರು ಬೇರೆ ಯಾರ ಮಾತು ಕೇಳದಿದ್ದರೂ ಪುದಿಯಾಪ್ಳೆಯ ಮಾತು ಕೇಳುತ್ತಾರೆ. ಗ್ಯಾರೇಜ್ ಇಟ್ಟಿರುವ ನಮ್ಮವರು "ಈ ಕೆಲಸ ನಾನು ಮಾಡುವುದಿಲ್ಲ" ಎಂದು ಗಿರಾಕಿಗೆ ಹೇಳಲಿ. ಊರಲ್ಲಿರುವ ಉಮ್ಮಂದಿರು ಕಾರಿನ ಕೀ ಎಲ್ಲಿದೆ ಎಂದು ರಾತ್ರಿ ಒಮ್ಮೆ ನೋಡಲಿ. ಗಲ್ಫಿನಿಂದ ದಿನಾ ಫೋನ್ ಮಾಡುವ ಬಾಪಂದಿರು ಮಾರ್ಕ್ಸ್ ವಿಚಾರಿಸುವ ಹಾಗೆ ಕಾರಿಗೆ ಏನು ಮಾಡಿಸಿದ್ದಾನೆ ಎಂದೂ ವಿಚಾರಿಸಲಿ. ಆರ್‌ಸಿಯಲ್ಲಿರುವುದು ಅವರದ್ದೇ ಹೆಸರು.