ಹಳ್ಳಿಯ ಕೈ ಬರಿದಲ್ಲ

ಆಫ್ರಿಕಾದ ಹಳ್ಳಿಯೊಂದಕ್ಕೆ ಸಮುದಾಯ ಪಾಲಿಹೌಸ್ ಬೇಕಿದ್ದರೆ ವಿದೇಶಿ ದಾನಿಗಳೇ ಗತಿ ಎಂದು ಲೇಖನವೊಂದು ಮಾಡಿದ ವಾದಕ್ಕೆ ಬುಡವಿಲ್ಲ.

1991ರಲ್ಲಿ ನೈಜರ್‌ನ ಮರಾಡಿ ಪ್ರದೇಶದಲ್ಲಿ ಕೇರ್ ಸಂಸ್ಥೆ ಕಟ್ಟಿದ ಮಹಿಳಾ ಉಳಿತಾಯ ಗುಂಪುಗಳಿಗೆ ಹೊರಗಿನವರು ಬಂಡವಾಳ ಹಾಕಲಿಲ್ಲ, ತರಬೇತಿಯಷ್ಟೇ ಕೊಟ್ಟರು. ಹೆಂಗಸರ ಚಿಲ್ಲರೆ ಕಾಸೇ ಸಾಲವಾಗಿ ತಿರುಗಿ ಬಡ್ಡಿಯೊಡನೆ ಮರಳಿತು. ಇಂಥ ಗುಂಪುಗಳ ಹಣದ ಪೆಟ್ಟಿಗೆಗೆ ಮೂರು ಬೀಗ. ಕೀಲಿಗಳು ಮೂವರ ಬಳಿ. ಕೀನ್ಯಾದಲ್ಲಂತೂ ಊರವರೇ ಕೂಡಿ ಹಾಕುವ ‘ಹರಾಂಬೆ’ ವಂತಿಗೆಯಿಂದ ಎಷ್ಟೋ ಶಾಲೆಗಳು ಎದ್ದಿವೆ. 2007ರಲ್ಲಿ ಎಂ-ಪೆಸಾ ಎಂಬ ಹಣ ಕಳಿಸುವ ಸೇವೆ ಬಂದ ಮೇಲೆ ನೈರೋಬಿಯಲ್ಲಿ ದುಡಿಯುವ ಮಗನ ಪಾಲೂ ಮೊಬೈಲಿನಲ್ಲೇ ಊರು ಸೇರುತ್ತದೆ.

ದಾನಿಗಳು ಬೇಡವೆಂದಲ್ಲ. ಆದರೆ ಉದ್ಘಾಟನೆಯ ಫೋಟೋಗೆ ಸಿಗುವ ಹಣ, ಕೆಲವೇ ವರ್ಷಗಳಲ್ಲಿ ಹರಿಯುವ ಪ್ಲಾಸ್ಟಿಕ್ ಹಾಳೆಗೆ, ಸೊರಗು ರೋಗ ಹೊಕ್ಕ ಟೊಮೆಟೊ ಮಡಿಗೆ ಸಿಗುತ್ತದೆಯೇ? ಲೇಖಕರ ಲೆಕ್ಕದಲ್ಲಿ ಆ ಖರ್ಚಿಗೆ ಒಂದು ಸಾಲೂ ಇಲ್ಲ.